ಪಿಎಂ ಇ-ಡ್ರೈವ್ ಸಬ್ಸಿಡಿ ವಿಮರ್ಶೆ: ಐದು ಸಾವಿರಕ್ಕಿಂತ ದೊಡ್ಡ ಮೊತ್ತ ಬಿಲ್ಲಿನ ಬೇರೆ ಸಾಲುಗಳಲ್ಲಿದೆ

ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್‌ಗಳ ಗಾಜಿನ ಮೇಲೆ ಎದ್ದು ಕಾಣುವುದು ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯ ಸಬ್ಸಿಡಿ. ಕೊಳ್ಳಲು ಬಂದವರು ಮೊದಲು ಕೇಳುವುದೂ ಅದನ್ನೇ. ಅದರ ಮೊತ್ತ 2025-26ರಲ್ಲಿ ಒಂದು ದ್ವಿಚಕ್ರ ವಾಹನಕ್ಕೆ ಹೆಚ್ಚೆಂದರೆ 5,000 ರೂಪಾಯಿ. ಅದೇ ವರ್ಷ ಕರ್ನಾಟಕದ ಗ್ರಾಹಕರಿಗೆ ಜಿಎಸ್‌ಟಿ ಮತ್ತು ರಸ್ತೆ ತೆರಿಗೆಯಲ್ಲಿ ಉಳಿದದ್ದು ಇದರ ಆರೇಳು ಪಟ್ಟು. ಆ ಉಳಿತಾಯವನ್ನು ಗಾಜಿನ ಮೇಲೆ ಯಾರೂ ಬರೆದು ಅಂಟಿಸುವುದಿಲ್ಲ. ಸರ್ಕಾರದ ನೆರವನ್ನು ಒಂದು ಸೇವೆ ಎಂದು ನೋಡಿದರೆ ಅದರಲ್ಲಿ ಯಾವ ಭಾಗ ಗಟ್ಟಿ, ಯಾವುದು ಟೊಳ್ಳು, ಎಲ್ಲಿ ಕೈ ತಪ್ಪುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಅಂಕಿಗಳೆಲ್ಲ 2025-26ನೇ ಸಾಲಿನವು. ತೆರಿಗೆ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ, ಸಾರಿಗೆ ಕಚೇರಿಗಳು ನೋಂದಣಿಗೆ ಬಳಸುವ ವಾಹನ್ ತಂತ್ರಾಂಶದಲ್ಲಿ ಕೊಳ್ಳುವ ದಿನ ತೋರಿಸುವ ಲೆಕ್ಕವನ್ನೇ ಕೊಟೇಶನ್‌ನಲ್ಲಿ ಕೇಳಿ ಪಡೆಯಿರಿ.

ಮೊದಲು ಸಬ್ಸಿಡಿ ಹೇಗೆ ಕರಗಿತು ಎಂಬುದು. ಪಿಎಂ ಇ-ಡ್ರೈವ್‌ಗೆ ಮೊದಲಿದ್ದ ಕೇಂದ್ರದ ಸಬ್ಸಿಡಿ ಯೋಜನೆ ಫೇಮ್ ಶುರುವಾದದ್ದು 2015ರ ಏಪ್ರಿಲ್‌ನಲ್ಲಿ. 2019ರಲ್ಲಿ ಬಂದ ಎರಡನೇ ಹಂತದಲ್ಲಿ ದ್ವಿಚಕ್ರ ವಾಹನಕ್ಕೆ ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ 10,000 ರೂ. ಕೊಡುತ್ತಿದ್ದರು. 2021ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿ, ವಾಹನದ ಬೆಲೆಯ ಶೇ 40ರವರೆಗೆ ಮಿತಿ ಹಾಕಿದರು. ಆಗ 3 ಕಿಲೋವ್ಯಾಟ್ ಅವರ್ ಸ್ಕೂಟರ್‌ಗೆ ಮಿತಿಯೊಳಗೆ 45,000 ರೂ. ತನಕ ಸಿಗುತ್ತಿತ್ತು. 2023ರ ಜೂನ್ 1ರಿಂದ ದರ ಮತ್ತೆ 10,000ಕ್ಕೆ, ಮಿತಿ ಶೇ 15ಕ್ಕೆ ಇಳಿಯಿತು. 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ನಡೆದ ತಾತ್ಕಾಲಿಕ ಯೋಜನೆಯಲ್ಲಿ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000, ಒಟ್ಟು 10,000ಕ್ಕೆ ಮಿತಿ. 2024ರ ಅಕ್ಟೋಬರ್ 1ರಂದು ಬಂದ ಪಿಎಂ ಇ-ಡ್ರೈವ್ ಮೊದಲ ಆರು ತಿಂಗಳು ಅದೇ ದರ ಇಟ್ಟುಕೊಂಡು, 2025ರ ಏಪ್ರಿಲ್‌ನಿಂದ 2,500 ರೂ. ದರ, 5,000 ಮಿತಿಗೆ ಬಂದು ನಿಂತಿತು. ಅಂದರೆ 2 ಕಿಲೋವ್ಯಾಟ್ ಅವರ್‌ಗಿಂತ ದೊಡ್ಡ ಬ್ಯಾಟರಿ ಕೊಂಡರೂ ಸಬ್ಸಿಡಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. "ದೊಡ್ಡ ಬ್ಯಾಟರಿ ತಗೊಳ್ಳಿ, ಸಬ್ಸಿಡಿ ಜಾಸ್ತಿ ಬರುತ್ತೆ" ಎಂಬ ಮಾರಾಟದ ಮಾತು ಹಳೆಯ ಕಾಲದ್ದು.

10,900 ಕೋಟಿ ರೂ. ಗಾತ್ರದ ಈ ಯೋಜನೆಯಲ್ಲಿ ಖಾಸಗಿ ಕಾರಿಗೆ ಬಿಡಿಗಾಸೂ ಇಲ್ಲ. ದ್ವಿಚಕ್ರ, ತ್ರಿಚಕ್ರ, ಆಂಬುಲೆನ್ಸ್, ಟ್ರಕ್, ಬಸ್ ಮತ್ತು ಚಾರ್ಜಿಂಗ್ ಕೇಂದ್ರಗಳಿಗೆ ಮಾತ್ರ. 2025ರ ಆಗಸ್ಟ್‌ನ ಅಧಿಸೂಚನೆ ಯೋಜನೆಯನ್ನು 2028ರ ಮಾರ್ಚ್ ತನಕ ಎಳೆಯಿತು. ಆದರೆ ದ್ವಿಚಕ್ರ ಮತ್ತು ತ್ರಿಚಕ್ರದ ಸಬ್ಸಿಡಿಗೆ ಅದೇ ಅಧಿಸೂಚನೆ ಇಟ್ಟ ಗಡುವು 2026ರ ಮಾರ್ಚ್ 31. ಇಂಥ ಗಡುವುಗಳ ಹತ್ತಿರ ಕೊಳ್ಳುವವರು ಒಂದು ಸಂಗತಿ ಮರೆಯಬಾರದು: ಮುಂಗಡ ಕೊಟ್ಟ ದಿನ ಲೆಕ್ಕಕ್ಕೆ ಬರುವುದಿಲ್ಲ. ವಾಹನ ಮಾರಾಟವಾಗಿ ನೋಂದಣಿಯಾದ ದಿನವೇ ಲೆಕ್ಕ. ದರ ಇಳಿಯುವ ತಿಂಗಳಿಗೆ ಮೊದಲು ಬುಕ್ ಮಾಡಿ ನಂತರ ಗಾಡಿ ಪಡೆದವರಿಗೆ ಹೊಸ ದರವೇ ಅನ್ವಯ.

ಈಗ ಇಡೀ ವ್ಯವಸ್ಥೆಯಲ್ಲಿ ನಿಜಕ್ಕೂ ಮೆಚ್ಚಬೇಕಾದ ಭಾಗಕ್ಕೆ ಬರೋಣ. ಗ್ರಾಹಕರು ಅರ್ಜಿ ಹಾಕಿ, ಬ್ಯಾಂಕ್ ಖಾತೆಗೆ ಹಣ ಬರುವುದನ್ನು ಕಾಯಬೇಕಿಲ್ಲ. ಸಬ್ಸಿಡಿ ಇನ್‌ವಾಯ್ಸ್‌ನಲ್ಲೇ ಕಡಿತವಾಗುತ್ತದೆ. ಆಮೇಲೆ ಆ ಹಣವನ್ನು ತಯಾರಿಕಾ ಕಂಪನಿ ಬೃಹತ್ ಕೈಗಾರಿಕಾ ಸಚಿವಾಲಯದಿಂದ ಪಡೆದುಕೊಳ್ಳುತ್ತದೆ. ಇದಕ್ಕಿರುವ ಕೊಂಡಿಯೇ ಇ-ವೋಚರ್.

ಕ್ರಮ ಹೀಗೆ: ಡೀಲರ್ ಯೋಜನೆಯ ಪೋರ್ಟಲ್‌ನಲ್ಲಿ ಗ್ರಾಹಕರ ವಿವರ ತುಂಬುತ್ತಾರೆ. ಆಧಾರ್ ದೃಢೀಕರಣ ಆಗುತ್ತದೆ, ಮುಖದ ಚಿತ್ರ ತೆಗೆಯುತ್ತಾರೆ. ವೋಚರ್ ಇಳಿಸಿಕೊಳ್ಳುವ ಕೊಂಡಿ ನಿಮ್ಮ ಮೊಬೈಲ್‌ಗೆ ಬರುತ್ತದೆ. ಅದಕ್ಕೆ ಸಹಿ ಹಾಕಿ ಡೀಲರ್‌ಗೆ ಕೊಡಬೇಕು. ಡೀಲರ್ ತಾವೂ ಸಹಿ ಹಾಕಿ ಪೋರ್ಟಲ್‌ಗೆ ಏರಿಸಿದ ಮೇಲೆ ಇಬ್ಬರ ಸಹಿಯಿರುವ ಪ್ರತಿ ಎಸ್‌ಎಂಎಸ್ ಮೂಲಕ ನಿಮಗೂ ಬರುತ್ತದೆ. ಎರಡನೆಯ ಎಸ್‌ಎಂಎಸ್ ಬಂದರೆ ಮಾತ್ರ ಕೆಲಸ ಮುಗಿದಂತೆ. ಒಂದೇ ಬಂದು ನಿಂತಿದ್ದರೆ ನಿಮ್ಮ ಸಹಿಯ ಕಾಗದ ಡೀಲರ್ ಮೇಜಿನ ಮೇಲೇ ಇದೆ ಎಂದರ್ಥ.

ಕಾಗದದ ಮೇಲೆ ಹತ್ತಿಪ್ಪತ್ತು ನಿಮಿಷದ ಕೆಲಸ. ತಡವಾಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬಳಕೆಯಲ್ಲಿ ಇಲ್ಲದಿರುವುದು ಮೊದಲನೆಯದು. ಶೋರೂಮ್‌ಗೆ ಹೋಗುವ ಮೊದಲೇ ಆಧಾರ್ ಕೇಂದ್ರದಲ್ಲಿ ಸರಿಪಡಿಸಿಕೊಂಡರೆ ಒಂದು ತಿರುಗಾಟ ಉಳಿಯುತ್ತದೆ. ಎರಡನೆಯದು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ತಂದೆಯ ಹೆಸರು ಪೂರ್ತಿ, ಸಾಲದ ಕಾಗದದಲ್ಲಿ ಊರಿನ ಹೆಸರೂ ಸೇರಿಕೊಂಡಿರುವುದು ನಮ್ಮಲ್ಲಿ ಮಾಮೂಲು. ಇನ್‌ವಾಯ್ಸ್, ನೋಂದಣಿ, ವೋಚರ್ ಮೂರರಲ್ಲೂ ಆಧಾರ್‌ನಲ್ಲಿರುವ ಹೆಸರನ್ನೇ ಹಾಕಿಸಿ. ಮೂರನೆಯದು ಮುಖದ ಹೋಲಿಕೆ. ಹದಿನೈದು ವರ್ಷ ಹಿಂದಿನ ಆಧಾರ್ ಫೋಟೊ ಇರುವ ಹಿರಿಯರದ್ದು ಶೋರೂಮ್ ಒಳಗಿನ ಹಳದಿ ಬೆಳಕಿನಲ್ಲಿ ತಾಳೆಯಾಗುವುದೇ ಕಷ್ಟ. ಕನ್ನಡಕ ತೆಗೆದು, ಹಗಲು ಬೆಳಕಿಗೆ ಮುಖ ಮಾಡಿ ನಿಂತರೆ ಬಹುಪಾಲು ಸರಿಹೋಗುತ್ತದೆ.

ಒಂದು ಆಧಾರ್‌ಗೆ ಒಂದೇ ವಾಹನ. ಯಾರ ಹೆಸರಿನಲ್ಲಿ ಕೊಳ್ಳುತ್ತೀರೋ ಅವರೇ ಖುದ್ದಾಗಿ ಬರಬೇಕು. ಬೆಂಗಳೂರಿನಲ್ಲಿರುವ ಮಗ ದಾವಣಗೆರೆಯಲ್ಲಿರುವ ತಂದೆಯ ಹೆಸರಿಗೆ ಇಲ್ಲಿಂದಲೇ ಗಾಡಿ ಬುಕ್ ಮಾಡುವುದಾದರೆ, ವೋಚರ್ ಕೆಲಸ ದಾವಣಗೆರೆಯ ಡೀಲರ್ ಬಳಿ ಆಗುವಂತೆ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲ ಮಾದರಿಗೂ ಸಬ್ಸಿಡಿ ಇಲ್ಲ. ಲಿಥಿಯಂನಂಥ ಆಧುನಿಕ ಬ್ಯಾಟರಿ ಇರಬೇಕು, ನೋಂದಣಿಯಾಗುವ ವಾಹನವಾಗಿರಬೇಕು, ಕಾರ್ಖಾನೆ ಬೆಲೆ 1.5 ಲಕ್ಷ ರೂ. ಒಳಗಿರಬೇಕು. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಒಳಗಿನ, ನಂಬರ್ ಪ್ಲೇಟ್ ಬೇಡದ ಗಾಡಿಗೆ ಇದು ಸಿಗುವುದಿಲ್ಲ. ಮಂಜೂರಾತಿ ಮಾದರಿ ಮತ್ತು ಆವೃತ್ತಿ ನೋಡಿ ಕೊಡುವಂಥದ್ದು. ಒಂದೇ ಹೆಸರಿನ ಸ್ಕೂಟರ್‌ನ ಚಿಕ್ಕ ಬ್ಯಾಟರಿ ಆವೃತ್ತಿ ಪಟ್ಟಿಯಲ್ಲಿದ್ದು ದೊಡ್ಡದು ಇಲ್ಲದಿರಬಹುದು. ಪಿಎಂ ಇ-ಡ್ರೈವ್ ಜಾಲತಾಣದಲ್ಲಿ ಪಟ್ಟಿ ಇದೆ, ಮುಂಗಡ ಕೊಡುವ ಮೊದಲು ಅದನ್ನು ತೆರೆದು ನೋಡಿ.

ಆ 1.5 ಲಕ್ಷದ ಗೆರೆಯೇ ಹಿಂದೊಮ್ಮೆ ದೊಡ್ಡ ಗೊಂದಲಕ್ಕೆ ಕಾರಣವಾಗಿತ್ತು. ಫೇಮ್-2 ಕಾಲದಲ್ಲಿ ಕೆಲವು ತಯಾರಕರು ಬೆಲೆ ಗೆರೆ ದಾಟದಂತೆ ಚಾರ್ಜರ್ ಮತ್ತು ತಂತ್ರಾಂಶವನ್ನು ಬೇರೆ ಬಿಲ್ ಮಾಡಿ ಮಾರಿದರು. ಸಚಿವಾಲಯ ತನಿಖೆ ಮಾಡಿದ ಮೇಲೆ 2023ರಲ್ಲಿ ಪ್ರಮುಖ ಕಂಪನಿಗಳು ಚಾರ್ಜರ್ ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಿದವು. ಇವತ್ತಿಗೂ ಕೊಟೇಶನ್ ಓದುವಾಗ ಕಣ್ಣಿಡಬೇಕಾದ ಜಾಗ ಅದೇ. ಚಾರ್ಜರ್ ಬೆಲೆಯಲ್ಲಿ ಸೇರಿದೆಯೇ? ಜಾಹೀರಾತಿನಲ್ಲಿ ತೋರಿಸಿದ ವೇಗದ ಮೋಡ್, ನಕ್ಷೆ, ಕ್ರೂಸ್ ಕಂಟ್ರೋಲ್ ಎಲ್ಲ "ಪ್ರೊ ಪ್ಯಾಕ್" ಎಂಬ ಹೆಸರಿನಲ್ಲಿ ಹತ್ತು ಹನ್ನೆರಡು ಸಾವಿರಕ್ಕೆ ಬೇರೆಯಾಗಿ ಕುಳಿತಿವೆಯೇ? ಹಾಗಿದ್ದರೆ ಸಬ್ಸಿಡಿ ಎಡಗೈಯಲ್ಲಿ ಬಂದು ಬಲಗೈಯಲ್ಲಿ ಹೋದಂತೆ.

ಮತ್ತೊಂದು ಎಚ್ಚರಿಕೆ. "ಸಬ್ಸಿಡಿ ಮಂಜೂರಾಗದಿದ್ದರೆ ಆ ಮೊತ್ತವನ್ನು ನಾನೇ ಕಟ್ಟುತ್ತೇನೆ" ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ ಹಾಕಬೇಡಿ. ಸರ್ಕಾರದಿಂದ ಹಣ ಪಡೆಯುವ ಹೊಣೆ ಕಂಪನಿಯದು. ಮೊದಲು ಪೂರ್ತಿ ಕಟ್ಟಿ, ಆಮೇಲೆ ವಾಪಸ್ ಎನ್ನುವ ಕ್ರಮವೂ ಯೋಜನೆಯಲ್ಲಿ ಇಲ್ಲ.

ಇನ್ನು ದೊಡ್ಡ ಮೊತ್ತಗಳು. ತೆರಿಗೆಗೆ ಮೊದಲು ಒಂದು ಲಕ್ಷ ರೂ. ಬೆಲೆಯ ಎರಡು ಸ್ಕೂಟರ್ ಅಕ್ಕಪಕ್ಕ ಇಟ್ಟು ನೋಡಿ, ಒಂದು ಪೆಟ್ರೋಲಿನದು, ಒಂದು ಕರೆಂಟಿನದು. ಎಲೆಕ್ಟ್ರಿಕ್ ವಾಹನಕ್ಕೆ 2019ರ ಆಗಸ್ಟ್‌ನಿಂದ ಜಿಎಸ್‌ಟಿ ಶೇ 5, ಅಂದರೆ 5,000. ಪೆಟ್ರೋಲ್ ಸ್ಕೂಟರ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ 18, ಅಂದರೆ 18,000. ಅದಕ್ಕೆ ಮೊದಲು ಶೇ 28 ಇತ್ತು. ವ್ಯತ್ಯಾಸ 13,000. ನಂತರ ರಾಜ್ಯದ ಜೀವಾವಧಿ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲ್ ದ್ವಿಚಕ್ರಕ್ಕೆ 50,000 ತನಕ ಶೇ 10, ಒಂದು ಲಕ್ಷದ ತನಕ ಶೇ 12, ಅದರ ಮೇಲೆ ಶೇ 18. ನಮ್ಮ 1,18,000 ರೂ. ಪೆಟ್ರೋಲ್ ಸ್ಕೂಟರ್‌ಗೆ ಅದು 21,240 ರೂ., ಮೇಲೆ ಸೆಸ್ ಬೇರೆ. ಎಲೆಕ್ಟ್ರಿಕ್‌ಗೆ 2025-26ರಲ್ಲಿ ವಿನಾಯಿತಿ ಇತ್ತು. ಎರಡು ತೆರಿಗೆ ಸೇರಿ 34,240 ರೂ. ಉಳಿತಾಯ. ಅದರ ಮುಂದೆ ಸಬ್ಸಿಡಿಯ 5,000 ಎಷ್ಟು ಚಿಕ್ಕದು ಎಂದು ನೀವೇ ನೋಡಬಹುದು. 2025ರ ಜಿಎಸ್‌ಟಿ ಇಳಿಕೆಯಿಂದ ಪೆಟ್ರೋಲ್ ಗಾಡಿಗಳೆದುರು ಎಲೆಕ್ಟ್ರಿಕ್‌ಗೆ ಇದ್ದ ಮೇಲುಗೈ ಒಂದೇ ದಿನದಲ್ಲಿ 10,000 ರೂ. ಕುಗ್ಗಿದ್ದು, ಸಬ್ಸಿಡಿ ಕಡಿತಕ್ಕಿಂತ ದೊಡ್ಡ ಏಟು. ಅದರ ಬಗ್ಗೆ ಚರ್ಚೆ ಆಗಬೇಕಾದಷ್ಟು ಆಗಿಲ್ಲ.

ಕಾರಿನಲ್ಲಿ ರಸ್ತೆ ತೆರಿಗೆಯ ಮೊತ್ತ ಇನ್ನೂ ದೊಡ್ಡದು. 15 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17ರಂತೆ 2.55 ಲಕ್ಷ ರೂ. ತೆರಿಗೆ ಬೀಳುತ್ತದೆ, ಸೆಸ್ ಬೇರೆ. ಅಷ್ಟೇ ಬೆಲೆಯ ಎಲೆಕ್ಟ್ರಿಕ್ ಕಾರಿಗೆ 2025-26ರಲ್ಲಿ ಅದು ಇರಲಿಲ್ಲ. ಆದರೆ 2024ರ ಮಾರ್ಚ್‌ನ ತಿದ್ದುಪಡಿಯಿಂದ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಜೀವಾವಧಿ ತೆರಿಗೆ ಬಂತು. 2025-26ರಲ್ಲಿ ಇದು ಮೆಟ್ಟಿಲಿನಂತಿರಲಿಲ್ಲ, ನೇರ ಕಮರಿ. 24.9 ಲಕ್ಷಕ್ಕೆ ಸೊನ್ನೆ, 25.1 ಲಕ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಗಡಿ ಹತ್ತಿರದ ಆವೃತ್ತಿ ಆರಿಸುವವರು ಸನ್‌ರೂಫ್ ಒಂದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ಲೆಕ್ಕ ಹಾಕಲಿ. 10 ಲಕ್ಷ ಮೀರಿದ ಕಾರಿಗೆ ಡೀಲರ್ ಹಿಡಿಯುವ ಶೇ 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಎಲೆಕ್ಟ್ರಿಕ್‌ಗೂ ಇದೆ. ಅದು ನಿಮ್ಮ ಆದಾಯ ತೆರಿಗೆ ಖಾತೆಗೆ ಜಮೆಯಾಗುವ ಹಣ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟು, ರಿಟರ್ನ್ ಸಲ್ಲಿಸುವಾಗ ಕೇಳಿ ಪಡೆಯಬೇಕು. ಸಾಲದ ಬಡ್ಡಿಗೆ 1.5 ಲಕ್ಷದ ವಿನಾಯಿತಿ ಕೊಡುವ, ಆದಾಯ ತೆರಿಗೆಯ 80ಇಇಬಿ ಸೆಕ್ಷನ್ ಮಾತ್ರ ಹೊಸ ಸಾಲಕ್ಕೆ ಇಲ್ಲ. 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಈಗಲೂ ಇದನ್ನು ಹೇಳಿ ಕಾರು ಮಾರುವವರಿದ್ದಾರೆ.

ಗಡಿಯ ಆಚೆ ಲೆಕ್ಕವೇ ಬೇರೆ. ಕಾಸರಗೋಡಿನ ಕನ್ನಡಿಗರು ಕೇರಳದ ದರ ನೋಡಬೇಕು. 2025ರ ಏಪ್ರಿಲ್‌ನಿಂದ ಅಲ್ಲಿ ಎಲೆಕ್ಟ್ರಿಕ್ ಕಾರಿಗೆ 15 ಲಕ್ಷದ ತನಕ ಶೇ 5, 20 ಲಕ್ಷದ ತನಕ ಶೇ 8, ಮೇಲೆ ಶೇ 10. ಮಂಗಳೂರಿನಲ್ಲಿ ಕೊಂಡು ಕಾಸರಗೋಡಿನಲ್ಲಿ ಓಡಿಸುವ ಯೋಚನೆ ಬೇಡ. ವಾಸವಿರುವ ರಾಜ್ಯದ ಸಾರಿಗೆ ಕಚೇರಿಯಲ್ಲೇ ನೋಂದಣಿ ಆಗಬೇಕು, ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿನ ತೆರಿಗೆ ಬಂದೇ ಬರುತ್ತದೆ.

ಸಣ್ಣ ಸಾಲುಗಳನ್ನೂ ಬಿಡಬೇಡಿ. ಬ್ಯಾಟರಿ ವಾಹನದ ನೋಂದಣಿ ಪತ್ರಕ್ಕೆ ಶುಲ್ಕ 2021ರ ಆಗಸ್ಟ್‌ನಿಂದಲೇ ಮಾಫಿ. ಕೊಟೇಶನ್‌ನಲ್ಲಿ "ನೋಂದಣಿ ವೆಚ್ಚ" ಎಂದು ಸಾವಿರಗಟ್ಟಲೆ ಬರೆದಿದ್ದರೆ ನಂಬರ್ ಪ್ಲೇಟ್ ಎಷ್ಟು, ಉಳಿದದ್ದು ಏನು ಎಂದು ಬಿಡಿಸಿ ಕೇಳಿ. ಥರ್ಡ್ ಪಾರ್ಟಿ ವಿಮೆಗೆ ಎಲೆಕ್ಟ್ರಿಕ್ ವಾಹನಕ್ಕೆ ಶೇ 15 ಕಡಿತವಿದೆ. 3ರಿಂದ 7 ಕಿಲೋವ್ಯಾಟ್ ಮೋಟರ್‌ನ ಹೊಸ ಸ್ಕೂಟರ್‌ಗೆ ಐದು ವರ್ಷದ ಕಂತು 3,273 ರೂ., ಮೇಲೆ ಜಿಎಸ್‌ಟಿ. ಇದಕ್ಕಿಂತ ಬಹಳ ಹೆಚ್ಚಿದ್ದರೆ ಒಳಗೆ ಬೇರೆ ಪಾಲಿಸಿಗಳನ್ನು ಪೋಣಿಸಿದ್ದಾರೆ ಎಂದೇ ತಿಳಿಯಿರಿ. ಅವು ಬೇಕೋ ಬೇಡವೋ ನಿಮ್ಮ ಆಯ್ಕೆ.

ನೆರವು ನಿಜವಾಗಿ ಸೋಲುವುದು ಮನೆಯ ಪ್ಲಗ್ ಪಾಯಿಂಟ್ ಹತ್ತಿರ. ಚಾರ್ಜಿಂಗ್‌ಗಾಗಿ ಪಿಎಂ ಇ-ಡ್ರೈವ್ 2,000 ಕೋಟಿ ಇಟ್ಟು, ದೇಶದಲ್ಲಿ 72,300 ಸಾರ್ವಜನಿಕ ಚಾರ್ಜರ್‌ಗಳ ಗುರಿ ಹಾಕಿದೆ. ಕರ್ನಾಟಕ ಸಾರ್ವಜನಿಕ ಚಾರ್ಜಿಂಗ್‌ನಲ್ಲಿ ದೇಶಕ್ಕೇ ಮುಂದಿರುವುದೂ ನಿಜ. 2025ರ ಆರಂಭಕ್ಕೆ ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದು, ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ರಾಯಚೂರು, ಕೊಪ್ಪಳದ ಗ್ರಾಹಕರಿಗೆ ಆ ಅಂಕಿಯಿಂದ ಏನೂ ಉಪಯೋಗವಿಲ್ಲ. ಸ್ಕೂಟರ್‌ಗಳಿಗೆ ಎಲ್ಲೆಡೆಯೂ ಮನೆ ಚಾರ್ಜಿಂಗೇ ಆಧಾರ. ಮನೆಯಲ್ಲಿ ತಂತಿ ಎಳೆಸಲು, ಅರ್ಥಿಂಗ್ ಮಾಡಿಸಲು ಈ ಯೋಜನೆ ಏನೂ ಕೊಡುವುದಿಲ್ಲ.

ಹೆಚ್ಚಿನ ಸ್ಕೂಟರ್ ಚಾರ್ಜರ್‌ಗಳು 700ರಿಂದ 950 ವ್ಯಾಟ್ ಎಳೆಯುತ್ತವೆ, ಅಂದರೆ ನಾಲ್ಕು ಆಂಪಿಯರ್ ಆಸುಪಾಸು. ವೈರಿಂಗ್ ಗಟ್ಟಿಯಿದ್ದರೆ ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. ತೊಂದರೆ ಅರ್ಥಿಂಗ್‌ನದು. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರ ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಇದ್ದರೂ ಅರ್ಥಿಂಗ್ ಗುಂಡಿಗೆ ವರ್ಷಗಳಿಂದ ನೀರು ಬಿದ್ದಿರುವುದಿಲ್ಲ. ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ, ಜನ ಗಾಡಿಯನ್ನು ದೂರುತ್ತಾರೆ. ಗಾಡಿ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು ಮೂರು ವೋಲ್ಟ್ ಒಳಗಿರಬೇಕು. ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಕಾರಿನ 15 ಆಂಪಿಯರ್ ಚಾರ್ಜರ್ ಆದರೆ ಹಳೆಯ ಗೀಸರ್ ಸಾಕೆಟ್ ಬಳಸಬೇಡಿ. ಎಂಟು ಹತ್ತು ಗಂಟೆ ಸತತ ಕರೆಂಟ್ ಹರಿದು ಸಡಿಲ ಸ್ಕ್ರೂ ಬಿಸಿಯಾಗಿ ಪ್ಲಾಸ್ಟಿಕ್ ಕರಗುವುದು ಸಾಮಾನ್ಯ. ಅಪಾರ್ಟ್‌ಮೆಂಟಿನಲ್ಲಿ ಮೀಟರ್‌ನಿಂದ ಪಾರ್ಕಿಂಗ್‌ಗೆ 60 ಮೀಟರ್ ದೂರವಿದ್ದರೆ, 15 ಆಂಪಿಯರ್‌ಗೆ 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 16 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಅದು 10 ವೋಲ್ಟ್‌ಗೆ ಇಳಿಯುತ್ತದೆ.

ಕರ್ನಾಟಕದವರು ಎದುರಿಸುವ ಇನ್ನೊಂದು ಲೆಕ್ಕವಿದೆ: ಗೃಹಜ್ಯೋತಿ. ತಿಂಗಳಿಗೆ 900 ಕಿ.ಮೀ. ಓಡುವ ಸ್ಕೂಟರ್, ಚಾರ್ಜರ್‌ನಲ್ಲಿ ಆಗುವ ನಷ್ಟ ಸೇರಿ, 33ರಿಂದ 35 ಯೂನಿಟ್ ತಿನ್ನುತ್ತದೆ. ಉಚಿತ ಯೂನಿಟ್‌ಗಳು ಮನೆಯ ಹಳೆಯ ವಾರ್ಷಿಕ ಸರಾಸರಿಗೆ ಶೇ 10 ಸೇರಿಸಿ ನಿಗದಿಯಾದವು. ಸರಾಸರಿ 120 ಇದ್ದವರಿಗೆ 132 ಉಚಿತ. ಸ್ಕೂಟರ್ ಸೇರಿ 155 ಆದರೆ ಹೆಚ್ಚಿನ 23 ಯೂನಿಟ್‌ಗೆ ಮಾತ್ರ ಹಣ, ಇನ್ನೂರರ ಒಳಗೆ ಪರವಾಗಿಲ್ಲ. ಸರಾಸರಿ 170 ಇದ್ದವರ ಸ್ಥಿತಿ ಬೇರೆ. ಅವರು 205 ಮುಟ್ಟಿದ ತಿಂಗಳು ಉಚಿತವೇ ರದ್ದು, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಯೂನಿಟ್‌ಗೆ ಎಲ್ಲ ಸೇರಿ ಏಳು ರೂಪಾಯಿಯ ಹತ್ತಿರ ಹಿಡಿದರೂ 1,400 ರೂ. ದಾಟುತ್ತದೆ, ಅದರ ಮೇಲೆ ನಿಗದಿತ ಶುಲ್ಕ. 35 ಯೂನಿಟ್‌ಗೆ 240 ರೂ. ಎಂದುಕೊಂಡ ಇಂಧನ ಖರ್ಚು ಆ ತಿಂಗಳು ಆರು ಪಟ್ಟು. ಮೀಟರ್ ರೀಡಿಂಗ್ ದಿನದ ಹತ್ತಿರ ಬಳಕೆ ನೋಡಿಕೊಂಡು ವಾರದಲ್ಲಿ ಎರಡು ಬಾರಿ ಕಚೇರಿಯಲ್ಲೋ ಸಾರ್ವಜನಿಕ ಕೇಂದ್ರದಲ್ಲೋ ಚಾರ್ಜ್ ಮಾಡಿದರೆ ಗೆರೆಯ ಒಳಗೆ ಉಳಿಯಬಹುದು. ಒಂದು ಕೈ ಎಲೆಕ್ಟ್ರಿಕ್ ವಾಹನ ಕೊಳ್ಳಿ ಎನ್ನುವಾಗ ಇನ್ನೊಂದು ಕೈ ಕರೆಂಟ್ ಬಳಕೆ ಹೆಚ್ಚಿದ್ದಕ್ಕೆ ದಂಡ ಹಾಕುವುದು ಸರಿಯಲ್ಲ. ಎಲೆಕ್ಟ್ರಿಕ್ ವಾಹನ ನೋಂದಾಯಿಸಿದ ಮನೆಗೆ 30 ಯೂನಿಟ್ ಸಡಿಲಿಕೆ ಕೊಟ್ಟರೆ ಕೇಂದ್ರದ ಸಬ್ಸಿಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಾರ್ವಜನಿಕ ಚಾರ್ಜರ್ ನಂಬುವ ಸ್ಕೂಟರ್ ಗ್ರಾಹಕರು ಕನೆಕ್ಟರ್ ನೋಡಿ ಕೊಳ್ಳಿ. ಲಘು ವಾಹನಗಳಿಗೆ ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಐಎಸ್ 17017ರ ಅಡಿ ಒಂದು ಸಂಯುಕ್ತ ಕನೆಕ್ಟರ್ ಒಪ್ಪಿದೆ. ಆದರೆ ಎಲ್ಲ ಕಂಪನಿಗಳೂ ಅದಕ್ಕೆ ಬಂದಿಲ್ಲ. ನಿಮ್ಮ ಊರಿನ ವೇಗದ ಚಾರ್ಜರ್‌ಗೆ ನಿಮ್ಮ ಗಾಡಿಯ ಬಾಯಿ ಹೊಂದದಿದ್ದರೆ ಅದು ಇದ್ದೂ ಇಲ್ಲದಂತೆ.

ಅಂಕ ಕೊಡುವುದಾದರೆ, ಇ-ವೋಚರ್ ವ್ಯವಸ್ಥೆಗೆ ಐದರಲ್ಲಿ ನಾಲ್ಕು. ಮಧ್ಯವರ್ತಿಯಿಲ್ಲದೆ, ಬಿಲ್ಲಿನಲ್ಲೇ ಮುಗಿಯುತ್ತದೆ. ಸಬ್ಸಿಡಿ ಮೊತ್ತಕ್ಕೆ ಎರಡು. ರಾಜ್ಯದ ತೆರಿಗೆ ವಿನಾಯಿತಿಗೆ ನಾಲ್ಕೂವರೆ, ಅದು ಇರುವ ತನಕ. ಮನೆ ಚಾರ್ಜಿಂಗ್ ನೆರವಿಗೆ ಒಂದು. ಬಸ್ಸಿಗೆ ಕೊಟ್ಟ ಹಣವನ್ನು ನಾವು ಸ್ವಾಗತಿಸುತ್ತೇವೆ. 4,391 ಕೋಟಿ ಮೀಸಲಿನಲ್ಲಿ ಬೆಂಗಳೂರಿಗೆ ಸುಮಾರು 4,500 ಬಸ್ ಹಂಚಿಕೆಯಾಗಿದೆ. ಸ್ವಂತ ಗಾಡಿ ಕೊಳ್ಳಲಾಗದವರಿಗೂ ತಲುಪುವ ಭಾಗ ಅದೊಂದೇ.

ಕೊನೆಗೆ ಬ್ಯಾಟರಿಯ ಬಗ್ಗೆ. ಗಾಡಿಯೊಳಗೆ ಬರುವ ಬ್ಯಾಟರಿಗೆ ಜಿಎಸ್‌ಟಿ ಶೇ 5. ವಾರಂಟಿ ಮುಗಿದ ಮೇಲೆ ಅದನ್ನೇ ಬಿಡಿಯಾಗಿ ಕೊಂಡರೆ ಶೇ 18. 60,000 ರೂ. ಬ್ಯಾಟರಿಗೆ 10,800 ರೂ. ತೆರಿಗೆ, ಅಂದರೆ ಮೊದಲು ಸಿಕ್ಕ ಸಬ್ಸಿಡಿಯ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ವಿಸ್ತೃತ ವಾರಂಟಿ ಕೊಳ್ಳುವಾಗ ವರ್ಷ, ಕಿಲೋಮೀಟರ್ ಎರಡರ ಜೊತೆ ಇನ್ನೊಂದು ಸಾಲು ಓದಿ: ಬ್ಯಾಟರಿಯ ಸಾಮರ್ಥ್ಯ ಶೇಕಡ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿ ಕೊಡುತ್ತಾರೆ ಎಂಬುದು. ಶೇ 70 ಎಂದು ಬರೆದುಕೊಟ್ಟರೆ ಒಳ್ಳೆಯದು. "ತಯಾರಿಕಾ ದೋಷಕ್ಕೆ ಮಾತ್ರ" ಎಂದಷ್ಟೇ ಇದ್ದರೆ ನಿಧಾನವಾಗಿ ಕುಂದುವ ಬ್ಯಾಟರಿಗೆ ಆ ವಾರಂಟಿಯಿಂದ ಏನೂ ಸಿಗುವುದಿಲ್ಲ. ಸಹಿಯಾದ ಇ-ವೋಚರ್, ಇನ್‌ವಾಯ್ಸ್, ವಾರಂಟಿ ಕಾರ್ಡ್‌ನ ಪ್ರತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಮೂರರಲ್ಲೂ ಚಾಸಿ ಸಂಖ್ಯೆ ಒಂದೇ ಇದೆಯೇ ಎಂದು ಗಾಡಿ ಮನೆಗೆ ಒಯ್ಯುವ ಮೊದಲು ಶೋರೂಮ್‌ನಲ್ಲೇ ತಾಳೆ ನೋಡಿ.